ಅಪ್ಪನ ಅರ್ಧ ಹಾಡು

ಲಾಂಡ್ರಿಯ ಹಿಂಬದಿ ಮೆಟ್ಟಿಲು,
ಬುಧವಾರ, ನವೆಂಬರ್ ೧೯, ಶಿಫ್ಟ್ ಮುಗಿದ ಮೇಲೆ

ಪ್ರೀತಿಯ ಅಪ್ಪಾ,

ಕಿವಿ ಹೇಗಿದೆ ಅಂತ ಈ ಸಲ ಕೇಳಲ್ಲ, ಕಿವಿಯ ಮಷೀನು ಹೇಗಿದೆ ಅಂತ ಕೇಳುತ್ತೀನಿ. ಅದು ಇನ್ನೂ ನಿನ್ನ ಅಂಗಿ ಜೇಬಿನಲ್ಲೇ ಇದೆ ಅಂತ ಅಕ್ಕ ದೂರು ಕೊಟ್ಟಿದ್ದಾಳೆ. ಜೇಬಲ್ಲಿ ಇಟ್ಟುಕೊಂಡರೆ ಜೇಬಿಗೆ ಕೇಳಿಸುತ್ತೆ ಅಪ್ಪಾ, ನಿನಗಲ್ಲ. ಡಾಕ್ಟರು ಕೊಟ್ಟ ಹನಿಯನ್ನು ಎರಡು ಹೊತ್ತೂ ಹಾಕಿಕೊಳ್ಳುತ್ತಿದ್ದೀಯಾ? ಅಮ್ಮನ ಮಂಡಿ ಹೇಗಿದೆ? ಮೆಟ್ಟಿಲು ಇಳಿಯುವಾಗ ಅವಳು ಅಯ್ಯಯ್ಯೋ ಅನ್ನೋದು ನಿಜವಾಗಿ ಕಡಿಮೆಯಾಗಿದೆಯಾ, ಇಲ್ಲಾ ನಿನಗೆ ಕೇಳಿಸದೆ ಕಡಿಮೆಯಾದ ಹಾಗೆ ಇದೆಯಾ? ನಾನು ಚೆನ್ನಾಗಿದ್ದೀನಿ. ಊಟ ಆಗಿದೆ, ಸ್ವೆಟರ್ ಹಾಕಿಕೊಂಡಿದ್ದೀನಿ, ಮೆಟ್ಟಿಲು ತಣ್ಣಗಿದೆ ಅಂತ ಕೆಳಗೆ ಒಂದು ಹಳೇ ಟವೆಲ್ ಹಾಸಿಕೊಂಡಿದ್ದೀನಿ. ಇಷ್ಟು ಸಾಕಲ್ಲ ಅಮ್ಮನಿಗೆ?

ಇದನ್ನು ನಾನು ಕೈಯಲ್ಲಿ ಬರೆಯುತ್ತಿಲ್ಲ. ಫೋನಿನಲ್ಲಿ ನಿನಗೆ ಮಾತು ಕೇಳಿಸಲ್ಲ, ನನಗೆ ಒಂದು ಕಡೆ ಕೂತು ಬರೆಯೋಕೆ ಬರಲ್ಲ. ಅದಕ್ಕೇ ನಾನು ಕೂತು ಎದ್ದು ಓಡಾಡುತ್ತಾ ಮಾತಾಡುತ್ತೀನಿ, ಫೋನು ಬರೆದುಕೊಳ್ಳುತ್ತೆ, ಅಕ್ಕ ಆಫೀಸಿನಲ್ಲಿ ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದು ನಿನಗೆ ಕೊಡುತ್ತಾಳೆ. ಆದರೆ ಈ ಸಲ ನಾಳೆಯೇ ಕೊಡು ಅಂತ ಹೇಳಿದ್ದೀನಿ. ಯಾಕೆ ಗೊತ್ತಾ? ಮೊನ್ನೆ ನೀನು ಭಾವನ ಟೇಬಲ್ ಫ್ಯಾನ್ ಬಿಚ್ಚಿಕೊಂಡು ಕೂತೆಯಂತೆ. ಅರ್ಧ ಗಂಟೆ ತಂತಿಯನ್ನೇ ನೋಡಿ, ಬೆಸುಗೆ ಕಡ್ಡಿ ಕೆಳಗಿಟ್ಟು, ‘ನನ್ನ ಬೆಸುಗೆ ನಂಬಬೇಡಿ, ಹೊಸದು ತಂದುಬಿಡಿ’ ಅಂದೆಯಂತೆ. ಆಮೇಲೆ ಟೂಲ್ ಬಾಕ್ಸು, ಬೆಸುಗೆ ಕಡ್ಡಿ, ಎರಡು ರಟ್ಟಿನ ಪೆಟ್ಟಿಗೆ ಕ್ಯಾಸೆಟ್ಟು ಎಲ್ಲಾ ಬಾಲ್ಕನಿಗೆ ತಂದಿಟ್ಟು, ಭಾನುವಾರ ಗುಜರಿಯವನನ್ನು ಬರಹೇಳಿದ್ದೀಯಂತೆ. ಅಪ್ಪಾ, ಗುಜರಿಯವನು ಬರುವುದಕ್ಕೆ ಮೊದಲು ನಿನಗೆ ಒಂದು ಸತ್ಯ ಹೇಳಬೇಕು. ಹದಿನೆಂಟು ವರ್ಷದಿಂದ ಹೇಳದೆ ಇಟ್ಟುಕೊಂಡದ್ದು. ಹೋದ ಗುರುವಾರದವರೆಗೆ ಅದನ್ನು ಹೇಳೋ ಧೈರ್ಯ ಇರಲಿಲ್ಲ. ಗುರುವಾರ ಒಂದು ಸಂಗತಿ ನಡೆಯಿತು. ನಡುವೆ ಎದ್ದು ಹೋಗಬೇಡ, ಪೂರ್ತಿ ಓದು.

ನಾನು ಕೆಲಸ ಮಾಡೋ ಜಾಗದ ಬಗ್ಗೆ ಮೊದಲು ಹೇಳಬೇಕು. ಆಸ್ಪತ್ರೆಯ ಲಾಂಡ್ರಿ ಅಂದರೆ ನೀನು ಏನೋ ಬಕೆಟ್ಟು, ಬ್ರಷ್ಷು ಅಂತ ಅಂದುಕೊಂಡಿರುತ್ತೀಯ. ಇದು ನೆಲಮಾಳಿಗೆ ಅಪ್ಪಾ. ಒಂದು ಕಡೆ ಲಾರಿಯಷ್ಟು ದೊಡ್ಡ ತೊಳೆಯೋ ಮಷೀನು, ಇನ್ನೊಂದು ಕಡೆ ಇಸ್ತ್ರಿಯ ರೋಲರು. ರೋಲರಿನಿಂದ ಹಾಸಿಗೆಯ ಶೀಟು ಬಿಸಿಬಿಸಿ ಹೊರಗೆ ಬರುತ್ತೆ. ಅದನ್ನು ಒಬ್ಬರೇ ಮಡಚೋಕಾಗಲ್ಲ, ಇಬ್ಬರು ಬೇಕು. ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿದು, ಜಾಡಿಸಿ, ನಾಲ್ಕು ಹೆಜ್ಜೆ ಮುಂದೆ ಬಂದು ಮೂಲೆಗೆ ಮೂಲೆ ಕೂಡಿಸಿ, ಮತ್ತೆ ಹಿಂದೆ ಹೋಗಬೇಕು. ಒಬ್ಬ ಬೇಗ ಬಂದು ಇನ್ನೊಬ್ಬ ನಿಧಾನ ಬಂದರೆ ಎತ್ತು ಏರಿಗೆ, ಕೋಣ ನೀರಿಗೆ. ಅದಕ್ಕೇ ಹಾಡು ಬೇಕು. ಮಡಚೋ ಕೋಣೆಯ ಕಪಾಟಿನ ಮೇಲೆ ಒಂದು ಹಳೇ ಸ್ಪೀಕರ್ ಇದೆ. ಹಾಡಿನ ತಾಳಕ್ಕೆ ನಮ್ಮ ಕಾಲು, ಕಾಲಿನ ತಾಳಕ್ಕೆ ಶೀಟು. ನಾವು ಆರು ಜನ, ಆರು ದೇಶ. ದಿನಕ್ಕೆ ಒಬ್ಬರ ಸರದಿ. ಅವರವರ ಕಡೆಯ ಹಾಡು ಅವರು ಹಾಕಬೇಕು, ಮಿಕ್ಕವರು ಕೇಳಬೇಕು. ನಿಯಮ ಒಂದೇ. ಹಾಡು ಹಿಡಿಸಲಿ ಬಿಡಲಿ, ಅರ್ಧಕ್ಕೆ ನಿಲ್ಲಿಸೋ ಹಾಗಿಲ್ಲ.

ನಿನಗೆ ಬಾಯಲ್ಲಿ ನೀರು ಬರುತ್ತೆ ಅಪ್ಪಾ, ಎಂಥೆಂಥ ಹಾಡು ಕೇಳಿದ್ದೀನಿ ಅಂದರೆ! ಒಂದರಲ್ಲಿ ಹೆಂಗಸೊಬ್ಬಳು ಮೊದಲಿನಿಂದ ಕೊನೆವರೆಗೆ ಯಾರನ್ನೋ ಬೈಯುತ್ತಾಳೆ. ಅಮ್ಮ ಹಾಲಿನವನನ್ನು ಬೈದ ಹಾಗೇ, ಆದರೆ ರಾಗವಾಗಿ. ಇನ್ನೊಂದು ಮೀನುಗಾರರದ್ದು. ಅದರಲ್ಲಿ ವಾದ್ಯವೇ ಇಲ್ಲ, ದೋಣಿಯ ಹಲಗೆ ತಟ್ಟೋ ಸದ್ದು ಅಷ್ಟೇ, ಕೇಳುತ್ತಾ ಕೇಳುತ್ತಾ ಕಾಲ ಕೆಳಗೆ ನೆಲ ತೂಗಿದ ಹಾಗಾಗುತ್ತೆ. ತೊಳೆಯೋ ಮಷೀನಿನ ಮೆಕ್ಯಾನಿಕ್ ಒಬ್ಬನಿದ್ದಾನೆ, ಅವನಿಗೆ ನಾನು ಅವಸರಪ್ಪ ಅಂತ ಹೆಸರಿಟ್ಟಿದ್ದೀನಿ. ಅವನ ಕಡೆಯ ಹಾಡಿನಲ್ಲಿ ಹಾಡುಗಾರ ಬರುವುದಕ್ಕೆ ಮೊದಲು ಹತ್ತು ನಿಮಿಷ ಬರೀ ಡೋಲು. ಅವಸರದ ಮನುಷ್ಯನಿಗೆ ಇಷ್ಟು ತಡವಾಗಿ ಶುರುವಾಗೋ ಹಾಡು ಹೇಗೆ ಇಷ್ಟವಾಗುತ್ತೋ! ಇಸ್ತ್ರಿ ರೋಲರಿನ ಹತ್ತಿರ ಇರೋ ದೊಡ್ಡ ಹೆಂಗಸನ್ನು ನಾನು ದೊಡ್ಡಮ್ಮ ಅನ್ನುತ್ತೀನಿ. ಅರ್ಥ ಹೇಳಿದ ಮೇಲೆ ಅವಳೂ ಒಪ್ಪಿಕೊಂಡಿದ್ದಾಳೆ, ಈಗ ಬೇರೆ ಹೆಸರಲ್ಲಿ ಕರೆದರೆ ತಿರುಗಿಯೂ ನೋಡಲ್ಲ. ಅವಳ ದೇಶವನ್ನು ಭೂಪಟದಲ್ಲಿ ತೋರಿಸಿದಳು, ನನ್ನ ಹೆಬ್ಬೆರಳು ಇಟ್ಟರೆ ಪೂರ್ತಿ ಮುಚ್ಚಿಹೋಯಿತು. ನಮ್ಮ ನಮ್ಮಲ್ಲಿ ಹರಕು ಮುರುಕು ಭಾಷೆ. ಮಾತಲ್ಲಿ ಅರ್ಧ ಕೈಸನ್ನೆ. ಹಾಡಿನ ವಿಷಯ ಬಂದರೆ ಮಾತ್ರ ಎಲ್ಲರೂ ಪಂಡಿತರು.

ನನ್ನ ಸರದಿ ಗುರುವಾರ. ಮೊದಲ ವಾರ ನಮ್ಮ ಕಡೆಯ ಎರಡು ಹಾಡು ಹಾಕಿದೆ, ಜನ ತಲೆದೂಗಿದರು. ಮೂರನೆಯದಾಗಿ ಏನು ಹಾಕಲಿ ಅಂತ ತಡಕಾಡುವಾಗ ಕೈಗೆ ಸಿಕ್ಕಿದ್ದು ಅದು. ನಿನ್ನ ಅರ್ಧ ಹಾಡು. ಹೌದು, ಅದೇ, ಭಾಷೆ ಗೊತ್ತಿಲ್ಲದ, ಊರು ಗೊತ್ತಿಲ್ಲದ, ನಡುವೆ ತುಂಡಾಗೋ ಹಾಡು. ಹೊರಡೋ ಹಿಂದಿನ ದಿನ ನಿನ್ನ ಟೇಪಿನ ಮುಂದೆ ಫೋನ್ ಹಿಡಿದು ತುಂಬಿಸಿಕೊಂಡಿದ್ದೆ, ನಿನಗೆ ಹೇಳಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಒಳಗಿನಿಂದ ಅಮ್ಮ ‘ಬಟ್ಟೆ ಒಣಗಿತಾ ನೋಡೋ!’ ಅಂತ ಕೂಗಿದ್ದಳು. ಅದೂ ಸೇರಿಕೊಂಡಿದೆ. ಇಲ್ಲಿ ಎಲ್ಲರೂ ಅದನ್ನೇ ಹಾಡಿನ ಮೊದಲ ಸಾಲು ಅಂದುಕೊಂಡರು. ಲಾಂಡ್ರಿಯಲ್ಲಿ ಆರು ದೇಶದ ಜನ ಶೀಟು ಜಾಡಿಸುತ್ತಾ ‘ಬಟ್ಟೆ ಒಣಗಿತಾ ನೋಡೋ’ ಅಂತ ಹಾಡುತ್ತಾರೆ. ಅಮ್ಮನಿಗೆ ಹೇಳು, ಅವಳು ಈಗ ಹೊರದೇಶದಲ್ಲಿ ಗಾಯಕಿ. ಆದರೆ ಹಾಡು ಮಾತ್ರ ಕೆಲಸಕ್ಕೆ ತೊಂದರೆ. ಅಷ್ಟು ನಿಧಾನ, ಅಷ್ಟು ಭಾರ. ಅದರ ತಾಳಕ್ಕೆ ನಡೆದರೆ ಶವದ ಹಿಂದೆ ನಡೆದ ಹಾಗೆ ನಡೆಯಬೇಕು. ಮೇಲ್ವಿಚಾರಕಿ ಬಂದು ಶೀಟು ಎಣಿಸಿ, ಗುರುವಾರ ಮಾತ್ರ ಯಾಕೆ ಕಡಿಮೆ ಅಂತ ಕೇಳಿದಳು. ಅದಲ್ಲದೆ ಆ ಹಾಡು ನಮ್ಮ ಒಂದೇ ನಿಯಮವನ್ನೂ ಮುರಿಯುತ್ತೆ. ಯಾರೂ ನಿಲ್ಲಿಸದಿದ್ದರೂ ತಾನೇ ಅರ್ಧಕ್ಕೆ ನಿಲ್ಲುತ್ತೆ. ‘ಮಿಕ್ಕಿದ್ದೆಲ್ಲಿ?’ ಅಂತ ದೊಡ್ಡಮ್ಮ ಪ್ರತಿ ಸಲ ಕೇಳುತ್ತಿದ್ದಳು. ‘ನಮ್ಮಪ್ಪನ ತಂತಿ ಬಿಟ್ಟಿತ್ತು’ ಅಂತ ನಾನು ಪ್ರತಿ ಸಲ ಸುಳ್ಳು ಹೇಳುತ್ತಿದ್ದೆ.

ಸುಳ್ಳು ಅಪ್ಪಾ. ತಂತಿ ತಾನಾಗಿ ಬಿಟ್ಟಿರಲಿಲ್ಲ. ನಾನು ಕಿತ್ತಿದ್ದೆ.

ನೆನಪಿದೆಯಾ ಆ ಭಾನುವಾರ? ನನಗೆ ಎಂಟು ವರ್ಷ. ನಿನ್ನ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ನಿನ್ನ ರೇಡಿಯೋ ಗೆಳೆಯರು ಸಂಜೆ ಸೇರುವವರಿದ್ದರು. ಫೋಟೋ ಸ್ಟುಡಿಯೋದವರು, ಲೆಕ್ಕದ ಮೇಷ್ಟ್ರು, ಪೋಸ್ಟ್‌ಮನ್ನು. ಪ್ರತಿಯೊಬ್ಬರೂ ವಾರವಿಡೀ ಪರದೇಶದ ಸ್ಟೇಷನ್ನುಗಳನ್ನು ತಿರುವಿ ತಿರುವಿ ಒಂದೊಂದು ಹಾಡು ಹಿಡಿದು ತರುತ್ತಿದ್ದಿರಿ. ಮೀನು ಹಿಡಿದವರ ಹಾಗೆ, ನಂದು ಇಷ್ಟುದ್ದ, ನಂದು ಅಷ್ಟುದ್ದ ಅಂತ ಜಂಬ. ಆವತ್ತು ಮಧ್ಯಾಹ್ನ ನೀನು ರೇಡಿಯೋದಿಂದ ಟೇಪಿಗೆ ತಂತಿ ಚುಚ್ಚಿ ರೆಕಾರ್ಡ್ ಹಚ್ಚಿದ್ದೆ. ತಂತಿ ಚುಚ್ಚಿದರೆ ರೇಡಿಯೋ ಮೂಕ, ಹೊರಗೆ ಏನೂ ಕೇಳಿಸುತ್ತಿರಲಿಲ್ಲ. ಅಷ್ಟರಲ್ಲಿ ಹೊರಗೆ ಯಾರೋ ಗಿರಾಕಿ ಕೂಗಿದರು. ‘ಕೆಂಪು ದೀಪ ನೋಡ್ಕೊಂಡಿರು, ಏನನ್ನೂ ಮುಟ್ಬೇಡ’ ಅಂತ ಹೇಳಿ ಹೋದೆ. ನಾನು ಮುಟ್ಟಲಿಲ್ಲ. ಸ್ಟೂಲಿನ ಮೇಲೆ ಕೂತು ಕಾಲು ಅಲ್ಲಾಡಿಸಿದೆ, ಅಷ್ಟೇ. ನನ್ನ ಕಾಲು ಒಂದು ನಿಮಿಷ ಸುಮ್ಮನಿದ್ದಿದ್ದರೆ ನೀನು ನನಗೆ ಚಡಪಡಿ ಅಂತ ಹೆಸರಿಡುತ್ತಿದ್ದೆಯಾ? ತಂತಿ ಕಾಲಿಗೆ ಸಿಕ್ಕಿ ಟೇಪಿನಿಂದ ಕಳಚಿ ನೆಲಕ್ಕೆ ಬಿದ್ದಿತ್ತು. ಯಾವಾಗ ಬಿತ್ತೋ ನನಗೇ ಗೊತ್ತಾಗಲಿಲ್ಲ. ನೋಡಿದ ತಕ್ಷಣ ಎತ್ತಿ ವಾಪಸ್ ಚುಚ್ಚಿದೆ. ನೀನು ಬಂದು ಕ್ಯಾಸೆಟ್ ತೆಗೆದು, ರೆಕಾರ್ಡ್ ಮಾಡೋಕೆ ಬಾರದ ಪಕ್ಕದ ಸಣ್ಣ ಪ್ಲೇಯರಿನಲ್ಲಿ ಹಿಂದಕ್ಕೆ ಓಡಿಸಿ ಹಾಕಿದೆ. ಹಾಡು ಬಂತು, ಸಾಲಿನ ನಡುವೆ ಗಕ್ಕನೆ ನಿಂತಿತು, ಟಪ್ ಅಂತ ಒಂದು ಸದ್ದು, ಆಮೇಲೆ ಮೌನ, ಆಮೇಲೆ ಯಾರೋ ಪರದೇಶದವನ ಮಾತು. ‘ಏನಾದ್ರೂ ಮುಟ್ಟಿದ್ಯೇನೋ?’ ಅಂತ ಕೇಳಿದೆ ನೀನು. ‘ಇಲ್ಲಪ್ಪ’ ಅಂದೆ ನಾನು. ನೀನು ಎರಡನೇ ಸಲ ಕೇಳಲಿಲ್ಲ.

ಎರಡನೇ ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ. ನೀನು ಕೇಳಲಿಲ್ಲ, ತಂತಿ ಕೈಗೆತ್ತಿಕೊಂಡೆ. ‘ಈ ಟಪ್ ಅನ್ನೋದು ಬೆಸುಗೆ ಬಿಟ್ಟ ಸದ್ದು’ ಅಂದೆ. ಗಟ್ಟಿಯಾಗಿದ್ದ ಬೆಸುಗೆಯನ್ನು ಕರಗಿಸಿ ಮತ್ತೆ ಬೆಸೆದೆ. ಸಂಜೆ ಗೆಳೆಯರ ಮುಂದೆ ಅದೇ ಪ್ಲೇಯರಿನಲ್ಲಿ ಅರ್ಧ ಹಾಡು ಹಾಕಿ, ‘ಇಂಥ ಹಾಡು ಜನ್ಮಕ್ಕೊಂದು ಸಿಗುತ್ತೆ, ನನ್ನ ಕೈ ಕಳಕೊಂಡಿತು’ ಅಂದೆ. ಅವರು ನಕ್ಕು ಸಮಾಧಾನ ಹೇಳಿದರು, ನೀನು ನಗಲಿಲ್ಲ. ಅಲ್ಲಿಂದ ಮುಂದೆ ಒಂದೊಂದು ಕೀಲನ್ನೂ ಎರಡೆರಡು ಸಲ ಬೆಸೆಯೋದು, ಗಿರಾಕಿಗೆ ಕೊಟ್ಟ ರೇಡಿಯೋವನ್ನು ಮರುದಿನ ವಾಪಸ್ ತರಿಸಿ ನೋಡೋದು, ಭಾನುವಾರ ಬಂದರೆ ತಲೆನೋವು ಅನ್ನೋದು. ಆರು ತಿಂಗಳಿಗೆ ಕೋಣೆ ಖಾಲಿ. ಪೋಸ್ಟ್‌ಮನ್ ಮಾಮ ಮಾತ್ರ ಕಾಗದವೇ ಇಲ್ಲದಿದ್ದರೂ ಬಾಗಿಲ ಹತ್ತಿರ ನಿಂತು ‘ಈ ವಾರ?’ ಅಂತ ಕೇಳಿ ಹೋಗುತ್ತಿದ್ದರು. ನೀನು ಆ ಅರ್ಧ ಹಾಡನ್ನು ಮಾತ್ರ ಬಿಡಲಿಲ್ಲ. ಊಟದ ಹೊತ್ತಿಗೆ ಹಾಕಿದರೆ ಅಮ್ಮ ‘ಯಾರೋ ಸತ್ತೋರ ಮನೆ ಹಾಡು, ತಟ್ಟೆ ಮುಂದೆ ಬೇಡ’ ಅನ್ನುತ್ತಿದ್ದಳು. ಹಾಡುವವನು ಹೆಂಡತಿ ಕಳಕೊಂಡ ಮುದುಕ ಅಂತ ನೀನು, ಕಡಲಲ್ಲಿ ಮಗನನ್ನು ಕಳಕೊಂಡವನು ಅಂತ ಅಕ್ಕ. ನಾನೋ, ಆ ಹಾಡು ಬಂದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದೆ. ‘ಇವನಿಗೆ ಸಂಗೀತ ಅಂದ್ರೆ ಆಗಲ್ಲ’ ಅಂತ ನೀನೇ ತೀರ್ಮಾನ ಮಾಡಿದೆ. ನೋಡು ಅಪ್ಪಾ, ನೀನು ಮಾಡಿದ್ದೇನು ಅಂದರೆ, ನನ್ನ ಮಾತನ್ನು ನಂಬಿ ನಿನ್ನ ಕೈಯನ್ನು ನಂಬೋದು ಬಿಟ್ಟೆ. ದೂರದೇಶಕ್ಕೆ ಬಂದ ಮೇಲೂ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತಿದ್ದದ್ದು ಅದೇ.

ಈಗ ಗುರುವಾರದ ಸಂಗತಿ. ನನ್ನ ಸರದಿ, ನಿನ್ನ ಹಾಡು, ಶೀಟಿನ ಆಚೆ ಕಡೆ ದೊಡ್ಡಮ್ಮ, ಈಚೆ ಕಡೆ ನಾನು. ಆವತ್ತು ಆಸ್ಪತ್ರೆಯಿಂದ ರಾಶಿ ಬಟ್ಟೆ ಬಂದಿತ್ತು. ಅವಸರಪ್ಪ ಪಾನಾ ಹಿಡಿದು ಒಳಗೆ ಬಂದವನು ಎರಡು ಸಾಲು ಕೇಳಿ, ‘ನಿಮ್ಮೂರಲ್ಲಿ ಒಂದು ಶೀಟು ಮಡಚೋಷ್ಟರಲ್ಲಿ ಮಕ್ಕಳಿಗೆ ಮದುವೆ ಆಗುತ್ತಾ?’ ಅಂದ. ಅವನೊಂದು ವಿಚಿತ್ರ ಪ್ರಾಣಿ. ಹೆಂಡತಿ ಕಳಿಸಿದ ಮಾತನ್ನೂ ಫೋನಿನಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಾನೆ. ಬೈಗುಳ ಬೇಗ ಮುಗಿಯುತ್ತೆ ಅನ್ನುತ್ತಾನೆ. ‘ಹಾಡು ನಿಲ್ಸೋ ಹಾಗಿಲ್ಲ ತಾನೆ? ಓಡಿಸೋ ಹಾಗಿಲ್ಲ ಅಂತ ಯಾರೂ ಹೇಳಿಲ್ಲ’ ಅಂತ ನನ್ನ ಫೋನ್ ಕಿತ್ತುಕೊಂಡು ಮೊದಲಿಂದ ಹಾಕಿ ವೇಗ ಒಂದೂವರೆ ಪಟ್ಟು ಮಾಡಿದ. ಅಮ್ಮನ ‘ಬಟ್ಟೆ ಒಣಗಿತಾ ನೋಡೋ’ ಬಾಣದ ಹಾಗೆ ಹೋಯಿತು. ಎಲ್ಲರೂ ನಗುತ್ತಿದ್ದರು. ನಿನ್ನ ಹಾಡಿಗೆ ಅವಮಾನ ಆಯಿತು ಅಂತ ನನಗೆ ಸಿಟ್ಟು. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಶೀಟು ಜಗ್ಗಿತು.

ದೊಡ್ಡಮ್ಮನ ಕಾಲು ಹೆಜ್ಜೆ ಹಾಕುತ್ತಿತ್ತು. ಮಡಚೋ ಹೆಜ್ಜೆಯಲ್ಲ, ಬೇರೆ ಹೆಜ್ಜೆ. ಮೂರು ಚಿಕ್ಕದು, ಒಂದು ಹಿಮ್ಮಡಿ, ಮೂರು ಚಿಕ್ಕದು, ಒಂದು ಹಿಮ್ಮಡಿ. ಅವಳ ಮುಖಕ್ಕೆ ಇನ್ನೂ ಗೊತ್ತಿರಲಿಲ್ಲ, ಕಾಲಿಗೆ ಗೊತ್ತಾಗಿತ್ತು. ಅರವತ್ತರ ಹೆಂಗಸು, ನೂರು ಕಿಲೋ ಆದರೂ ಇದ್ದಾಳು, ಮಗುವಿನ ಹಾಗೆ ಪುಟಪುಟ ಅಂತ ನಡೆಯುತ್ತಿದ್ದಾಳೆ. ಶೀಟು ಎಳೆದ ಕಡೆ ನಾನೂ ಹೋದೆ. ಹಾಡು ಓಡಿ ಓಡಿ ಬಂದು, ನಿನಗೆ ಗೊತ್ತಲ್ಲ ಆ ಜಾಗ, ಸಾಲಿನ ನಡುವೆ ಗಕ್ಕನೆ ನಿಂತಿತು. ದೊಡ್ಡಮ್ಮನೂ ನಿಂತಳು. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ, ಕಣ್ಣು ಕೂಡ ಮಿಟುಕಿಸದೆ, ಕಲ್ಲಿನ ಬೊಂಬೆ. ನಾನು ಇನ್ನೆರಡು ಹೆಜ್ಜೆ ಹೋಗಿ ಮುಗ್ಗರಿಸಿದೆ. ಅವಳು ನನ್ನ ಕಡೆ ಬೆರಳು ತೋರಿಸಿ ತನ್ನ ಭಾಷೆಯಲ್ಲಿ ಒಂದು ಮಾತು ಕಿರುಚಿದಳು. ಕಿರುಚಿದ ಮೇಲೆ ತಾನೇ ಗಾಬರಿಯಾಗಿ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಬಟ್ಟೆಬುಟ್ಟಿಯ ಮೇಲೆ ಕೂತು ನಕ್ಕಳು ನೋಡು, ಬುಟ್ಟಿ ಮುರಿಯಿತು. ಆ ಮಾತಿನ ಅರ್ಥ, ‘ಅಲ್ಲಾಡಿದೆ, ನೀನು ಔಟು!’

ಆಟದ ಹಾಡು ಅಪ್ಪಾ ಅದು! ಮಕ್ಕಳ ಆಟ! ಅವಳ ಊರಲ್ಲಿ ಹೆಣ್ಣುಮಕ್ಕಳು ಸುತ್ತಾಗಿ ನಡೆಯುತ್ತಾ ಹಾಡುತ್ತಾರಂತೆ. ಬೆಕ್ಕು ಹಾಲು ಕದಿಯೋಕೆ ಹೋಗುತ್ತೆ, ಮೆಲ್ಲಗೆ ಹೋಗುತ್ತೆ, ಬಾಗಿಲು ದಾಟುತ್ತೆ, ಅಜ್ಜಿ ಕಣ್ಣು... ಅಷ್ಟಕ್ಕೇ ನಿಲ್ಲುತ್ತೆ. ಅಜ್ಜಿ ಕಣ್ಣು ಬಿಟ್ಟಳು ಅಂತ ಹಾಡು ಹೇಳುವುದೇ ಇಲ್ಲ. ಅಲ್ಲಿ ಎಲ್ಲರೂ ಕಲ್ಲಾಗಬೇಕು. ಎಲ್ಲಿ ನಿಲ್ಲುತ್ತೆ ಅಂತ ಎಲ್ಲರಿಗೂ ಗೊತ್ತು, ಆದರೂ ರಾಗ ಹಿಂದಿನಿಂದ ನೂಕುತ್ತೆ, ಒಬ್ಬರಾದರೂ ಹೆಜ್ಜೆ ಇಟ್ಟೇ ಇಡುತ್ತಾರೆ. ಹಾಡು ಮುಗಿಯೋದೇ ಅಲ್ಲಿ. ಮುಂದೆ ಇಲ್ಲವೇ ಇಲ್ಲ. ನಾನು ಒಂದು ವರ್ಷದಿಂದ ಅವಳಿಗೆ ಅವಳ ಬಾಲ್ಯದ ಹಾಡನ್ನೇ ಕೇಳಿಸುತ್ತಾ ಇದ್ದೆ, ಅವಳು ಪಾಪ, ನಮ್ಮ ಕಡೆಯ ಸಾವಿನ ಹಾಡು ಅಂದುಕೊಂಡು ಗೌರವಕ್ಕೆ ತಲೆ ತಗ್ಗಿಸಿ ಕೇಳುತ್ತಿದ್ದಳು. ಮಾತು ಕೂಡ ನಿಧಾನವಾಗಿ ಎಳೆದೆಳೆದು ಬರುತ್ತಿದ್ದರಿಂದ ತನ್ನ ಭಾಷೆಯೇ ಅಂತ ಗುರುತು ಸಿಕ್ಕಿರಲಿಲ್ಲ.

ನನಗೆ ಮಾತ್ರ ನಗು ಬರಲಿಲ್ಲ. ಹಾಡು ನಿಜವಾಗಿ ಅಲ್ಲೇ ಮುಗಿಯುತ್ತಾ, ಅಥವಾ ಅದೇ ಜಾಗದಲ್ಲಿ ನನ್ನ ಕಾಲಿಗೆ ತಂತಿ ಸಿಕ್ಕಿತಾ? ದೊಡ್ಡಮ್ಮನನ್ನು ಕಾಡಿ ಬೇಡಿ ಅವಳ ಅಕ್ಕನಿಗೆ ಫೋನ್ ಮಾಡಿಸಿದೆ. ಶನಿವಾರ ಆ ಅಕ್ಕ ಅಕ್ಕಪಕ್ಕದ ಮಕ್ಕಳನ್ನೆಲ್ಲ ಸೇರಿಸಿ ಆಡಿಸಿ, ಹಾಡಿಸಿ ಕಳಿಸಿದಳು. ಊಟದ ಬಿಡುವಿನಲ್ಲಿ ಎಲ್ಲರೂ ಸ್ಪೀಕರಿನ ಹತ್ತಿರ ನಿಂತು ಎರಡನ್ನೂ ಒಂದಾದ ಮೇಲೊಂದು ಕೇಳಿದೆವು. ಅದೇ ಜಾಗದಲ್ಲಿ ನಿಂತಿತು. ನಿಂತ ಮೇಲೆ, ಅಪ್ಪಾ, ಟಪ್! ಅವಳ ಅಕ್ಕ ಕಳಿಸಿದ್ದರಲ್ಲೂ ಟಪ್! ತಡೆಯಲಾರದೆ ಹೆಜ್ಜೆ ಇಟ್ಟ ಯಾವುದೋ ಮಗುವಿನ ಕಾಲು. ಮತ್ತೆ ನಿನ್ನದನ್ನು ಹಾಕಿದೆ, ಕಿವಿ ಸ್ಪೀಕರಿಗೆ ಅಂಟಿಸಿಕೊಂಡೆ. ಟಪ್ ಆದ ಮೇಲೆ ತೀರಾ ಸಣ್ಣಗೆ, ಮೂಗಿನಲ್ಲಿ ನಕ್ಕ ಹಾಗೆ ಒಂದು ಕಿಸಕ್. ಅದನ್ನು ನಾವು ಇಷ್ಟು ವರ್ಷ ಟೇಪಿನ ಕೊಳೆ ಅಂದುಕೊಂಡಿದ್ದೆವು. ಬೆಸುಗೆ ಬಿಟ್ಟರೆ ನಗುತ್ತಾ ಅಪ್ಪಾ? ತಂತಿ ಕಿತ್ತುಹೋಗಿದ್ದರೆ ಆ ನಗು ಟೇಪಿಗೆ ಹೇಗೆ ಬರುತ್ತಿತ್ತು? ಹಾಡು ಪೂರ್ತಿ ಮುಗಿದು, ಒಂದು ಮಗು ಔಟಾಗಿ, ಇನ್ನೊಂದು ನಕ್ಕ ಮೇಲೆ ನನ್ನ ಕಾಲಿಗೆ ತಂತಿ ಸಿಕ್ಕಿದೆ. ಟೇಪಿನಲ್ಲಿರೋ ಮೌನ ಮಾತ್ರ ನನ್ನದು. ಹಾಡನ್ನು ನೀನು ಪೂರ್ತಿ ಹಿಡಿದಿದ್ದೆ.

ಒಂದು ಗಂಟು ಉಳಿದಿತ್ತು. ‘ಇದನ್ನ ಹಾಡೋದು ಹೆಣ್ಣುಮಕ್ಕಳು, ಈ ಗಡಸು ದನಿ ಮುದುಕ ಯಾರು?’ ಅಂತ ದೊಡ್ಡಮ್ಮ ಕೇಳಿದಳು. ಅದನ್ನು ಬಿಡಿಸಿದ್ದು ಅವಸರಪ್ಪ. ಟೇಪು ನಿಧಾನ ಓಡಿದರೆ ಹುಡುಗಿಯೂ ಮುದುಕ ಆಗುತ್ತಾಳೆ, ಯಾವ ಮಷೀನಲ್ಲಿ ರೆಕಾರ್ಡ್ ಮಾಡಿದ್ದು ನಿಮ್ಮಪ್ಪ ಅಂದ. ನನಗೆ ಫಕ್ಕನೆ ಹೊಳೆಯಿತು. ಆವತ್ತು ನಮ್ಮ ಟೇಪಿನ ಹೊಟ್ಟೆ ಬಿಚ್ಚಿಟ್ಟಿದ್ದೆ ಅಂತ ನೀನು ಸ್ಟುಡಿಯೋದವರ ಟೇಪಿನಲ್ಲಿ ಹಿಡಿದದ್ದು. ಅವರದು ಯಾಕೆ ಅಂಗಡಿಗೆ ಬಂದಿತ್ತು? ಮೇಲೆ ನೀನೇ ಚೀಟಿ ಅಂಟಿಸಿದ್ದೆ, ‘ಹಾಡು ಓಡುತ್ತೆ’ ಅಂತ! ಮೋಟಾರು ವೇಗ ಹೆಚ್ಚಾಗಿ ರಿಪೇರಿಗೆ ಬಂದ ಮಷೀನು. ಓಡೋ ಮಷೀನಿನಲ್ಲಿ ಹಿಡಿದದ್ದನ್ನು ನಡೆಯೋ ಮಷೀನಿನಲ್ಲಿ ಹಾಕಿದರೆ ಹಾಡು ತೆವಳುತ್ತೆ. ಸಂಜೆ ಗೆಳೆಯರು ಹೋದ ಮೇಲೆ ಅದನ್ನು ರಿಪೇರಿ ಮಾಡಿ ಮರುದಿನವೇ ಕೊಟ್ಟುಬಿಟ್ಟೆ, ಹಾಡು ಹಿಡಿಯುವಾಗ ಅದಕ್ಕೆ ಜ್ವರವಿತ್ತು ಅನ್ನೋದನ್ನು ಮರೆತೆ. ಜ್ವರ ಬಂದವನ ಕೈಯಲ್ಲಿ ಪತ್ರ ಬರೆಸಿ, ಅಕ್ಷರ ಯಾಕೆ ನಡುಗುತ್ತಿದೆ ಅಂತ ಹದಿನೆಂಟು ವರ್ಷ ಅತ್ತ ಹಾಗಾಯಿತು ನಮ್ಮ ಕಥೆ. ಬೆಕ್ಕಿನ ಹಾಲು ಕಳ್ಳತನಕ್ಕೆ ನಮ್ಮ ಮನೆಯಲ್ಲಿ ಊಟದ ಹೊತ್ತು ಶೋಕ! ಅಮ್ಮನಿಗೆ ಮೆಲ್ಲಗೆ ಹೇಳು, ಅವಳಿಗೆ ನಕ್ಕರೆ ಮಂಡಿ ನೋಯುತ್ತೆ.

ಹಾಗಾಗಿ ತಪ್ಪು ಮಾಡಿದ್ದು ನಿನ್ನ ಬೆಸುಗೆಯಲ್ಲ ಅಪ್ಪಾ. ಸುಳ್ಳು ಹೇಳಿದ್ದು ನನ್ನ ಬಾಯಿ, ಮರೆತದ್ದು ನಿನ್ನ ತಲೆ. ನಿನ್ನ ಕೈ ಮಾತ್ರ ಏನೂ ಮಾಡಿಲ್ಲ. ಬೈಯಬೇಕು ಅನ್ನಿಸಿದರೆ ಬೈ, ಅಕ್ಕನ ಕೈಯಲ್ಲಿ ಬರೆಸು, ಅವಳು ಎರಡು ಬೈಗುಳ ತನ್ನ ಲೆಕ್ಕದಲ್ಲೂ ಸೇರಿಸುತ್ತಾಳೆ. ಹಾಡು ಉಳಿದಿತ್ತು ಅಂತ ತಿಳಿದ ಮೇಲೆ ಹೇಳೋಕೆ ಬಾಯಿ ಬಂತು ನನಗೆ, ಇಲ್ಲದಿದ್ದರೆ ಇನ್ನೂ ಬರುತ್ತಿರಲಿಲ್ಲವೇನೋ, ಅದೂ ನಿಜ. ಭಾನುವಾರದಿಂದ ನಾನು ಗೊರಕೆ ಹೊಡೆಯುತ್ತಿದ್ದೀನಿ ಅಂತ ಕೋಣೆಯ ಜೊತೆಗಾರ ದೂರು ಹೇಳುತ್ತಿದ್ದಾನೆ. ಒಂದೇ ಕಡೆ ಮಲಗಿ, ಕಾಲು ಅಲ್ಲಾಡಿಸದೆ, ಬೆಳಗಿನವರೆಗೆ. ದೊಡ್ಡಮ್ಮ ತನ್ನ ಅಕ್ಕನಿಗೆ ನಿನ್ನ ವಿಷಯ ಹೇಳಿದ್ದಾಳೆ. ಎಲ್ಲಿಯೋ ಕೂತ ಒಬ್ಬ ಮನುಷ್ಯ ನಮ್ಮ ಬೆಕ್ಕಿನ ಹಾಡನ್ನು ಇಷ್ಟು ವರ್ಷ ಜೋಪಾನ ಮಾಡಿದ್ದಾನಾ ಅಂತ ಆ ಅಕ್ಕ ಕೇಳಿದಳಂತೆ. ಇನ್ನೇನಾದರೂ ಹಿಡಿದಿದ್ದಾನಾ ಅಂತಲೂ ಕೇಳಿದಳಂತೆ. ಎರಡು ಪೆಟ್ಟಿಗೆ ಇ‌ದೆ ಅಂದಿದ್ದೀನಿ. ಕ್ಯಾಸೆಟ್ಟಿನ ಮೇಲೆಲ್ಲ ನಿನ್ನ ಕೈಬರಹದಲ್ಲಿ ‘ಯಾವುದೋ ದೇಶ, ಯಾವುದೋ ಹಾಡು’ ಅಂತ ಇದೆಯಲ್ಲ, ಇಲ್ಲಿ ಆರು ದೇಶದವರು ಕಿವಿ ತೊಳೆದುಕೊಂಡು ಕಾಯುತ್ತಿದ್ದಾರೆ. ಪೋಸ್ಟ್‌ಮನ್ ಮಾಮನಿಗೂ ಒಂದು ಮಾತು ಹೇಳಿಕಳಿಸು, ಹಾಡು ಪೂರ್ತಿ ಇತ್ತಂತೆ ಅಂತ.

ಅಮ್ಮನ ಪಾದಕ್ಕೆ ನನ್ನ ನಮಸ್ಕಾರ, ಅವಳ ಮಂಡಿಗೆ ಬೇರೆಯಾಗಿ ಇನ್ನೊಂದು. ಅಕ್ಕನಿಗೆ ಮುತ್ತು, ಭಾವನಿಗೆ ಹೊಸ ಫ್ಯಾನ್ ತರಬೇಡಿ ಅಂತ ತಾಕೀತು. ನಿನಗೆ ಏನು ಕಳಿಸಲಿ? ತಲೆ ಬಾಗಿಸಿಯೇ ನಿಂತಿದ್ದೀನಿ ಅಂದುಕೋ, ಕೈ ಇಟ್ಟು ಹರಸು.

ನಿನ್ನ
ಚಡಪಡಿ

ಮರೆತಿದ್ದೆ: ಇವತ್ತು ಸಂಜೆ ಮಡಚೋ ಕೋಣೆಯ ಸ್ಪೀಕರ್ ಸತ್ತುಹೋಯಿತು. ಒಳಗೆ ಕೆಂಪು ತಂತಿ ಕಳಚಿ ನೇತಾಡುತ್ತಿದೆ. ನಿಮ್ಮಪ್ಪ ಮೆಕ್ಯಾನಿಕ್ ತಾನೆ ಅಂತ ದೊಡ್ಡಮ್ಮ ಅದನ್ನು ನನ್ನ ಚೀಲಕ್ಕೆ ತುರುಕಿದ್ದಾಳೆ, ಅವಸರಪ್ಪ ತನ್ನ ಬೆಸುಗೆ ಕಡ್ಡಿ ಕೊಟ್ಟಿದ್ದಾನೆ. ನಾನು ಜನ್ಮದಲ್ಲಿ ಅದನ್ನು ಹಿಡಿದಿಲ್ಲ. ಆ ಭಾನುವಾರದ ಮೇಲೆ ನಿನ್ನ ಮೇಜಿನ ಹತ್ತಿರ ಬಂದವನೇ ಅಲ್ಲವಲ್ಲ ನಾನು. ಶನಿವಾರ ಬೆಳಗ್ಗೆ, ನಿನ್ನ ಗಡಿಯಾರದಲ್ಲಿ ಹನ್ನೊಂದಕ್ಕೆ, ವಿಡಿಯೋ ಕಾಲ್ ಮಾಡುತ್ತೀನಿ. ಬಾಲ್ಕನಿಯಿಂದ ಟೂಲ್ ಬಾಕ್ಸ್ ಒಳಗೆ ತಂದು ಕಡ್ಡಿ ಕಾಯಿಸಿಟ್ಟುಕೊಂಡಿರು. ಭಾವನ ಫ್ಯಾನಿನ ತಂತಿಯನ್ನು ನೀನು ಅಲ್ಲಿ ಬೆಸೆ, ನೋಡಿಕೊಂಡು ನಾನು ಇಲ್ಲಿ ಬೆಸೆಯುತ್ತೀನಿ. ನಿನಗೆ ಏನೂ ಕೇಳಿಸಬೇಕಾಗಿಲ್ಲ, ನನ್ನ ಕೈ ನೋಡಿದರೆ ಸಾಕು. ನಾನು ತಪ್ಪಿದರೆ ಮೇಜು ತಟ್ಟು. ನನಗೆ ಕೇಳಿಸುತ್ತೆ.